ಹುಲ್ಲು ಒಲ್ಲೆನೆಂದ ಆಕಳು

‘ಕ್ಷಮಿಸಿಬಿಡು, ಎಷ್ಟಾದರೂ ಹಿರಿಯರು’ ಎಂದು ನನಗೆ ಬುದ್ಧಿ ಹೇಳಿದವರೆಲ್ಲ ದೂರ ನಿಂತು ನೋಡಿದವರು. ನಡುರಸ್ತೆಯಲ್ಲಿ ಪರರ ಕಾಲು ಹಿಡಿದವರು ಅವರಲ್ಲ, ನಾನು. ಹಿಡಿಸಿದವನು ನನ್ನ ಗಂಡನ ಅಣ್ಣ. ಎದುರಿಗೆ ಅವನನ್ನು ‘ಭಾವಾರ’ ಎನ್ನುತ್ತೇನೆ, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತೇನೆ, ಹಬ್ಬಕ್ಕೆ ನಮಸ್ಕಾರವನ್ನೂ ಮಾಡುತ್ತೇನೆ. ಇಲ್ಲಿ ಬರೆಯುವಾಗ ಮಾತ್ರ ‘ಅವನು’ ಎಂದೇ ಬರೆಯುತ್ತೇನೆ. ಅಷ್ಟು ಸ್ವಾತಂತ್ರ್ಯವೂ ಇಲ್ಲದಿದ್ದರೆ ಬರೆಯಲು ಯಾಕೆ ಕೂರಬೇಕು?

ಮುಂಬಯಿಗೆ ಬಂದು ಹೋದವರು ನಮ್ಮಂಥವರನ್ನು ನೋಡಿಯೇ ಇರುತ್ತಾರೆ. ದೇವಸ್ಥಾನದ ಎದುರಿನ ಫುಟ್‌ಪಾತಿನಲ್ಲಿ ಒಂದು ಆಕಳನ್ನು ಕಟ್ಟಿಕೊಂಡು, ಹಸಿ ಹುಲ್ಲಿನ ಸಣ್ಣ ಸಣ್ಣ ಕಟ್ಟುಗಳನ್ನು ಹರವಿಕೊಂಡು ಹೆಂಗಸೊಬ್ಬಳು ಕೂತಿರುತ್ತಾಳೆ. ಸ್ಟೇಷನ್ನಿಗೆ ಓಡುವವರು, ವಾಕಿಂಗ್ ಮುಗಿಸಿದವರು, ಮಗುವಿನ ಪರೀಕ್ಷೆ ಇದ್ದವರು ಒಂದು ಕಟ್ಟು ಕೊಂಡು ಆಕಳ ಬಾಯಿಗೆ ಹಿಡಿಯುತ್ತಾರೆ, ಅದರ ಹಣೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಮುಂದಿನ ಲೋಕಲ್ ಹಿಡಿಯುತ್ತಾರೆ. ಹುಲ್ಲು ನಮ್ಮದು, ಪುಣ್ಯ ಅವರದು. ಆಕಳು ಬಾಯಿ ಆಡಿಸುತ್ತಿರುವವರೆಗೆ ಇಬ್ಬರಿಗೂ ಸುಖ.

ಕಾಂದಿವಲಿಯ ಅಂಥ ಒಂದು ಫುಟ್‌ಪಾತಿನಲ್ಲಿ ನಾನು ವರ್ಷಗಟ್ಟಲೆ ಕೂತೆ. ಆಕಳುಗಳ ಕೊಟ್ಟಿಗೆ ನನ್ನ ಭಾವನದು. ಬೊರಿವಲಿಯ ಕಡೆಗೆ, ಕಾಡಿನ ಗೋಡೆಗೆ ತಾಗಿದ ಖಾಲಿ ಜಾಗದಲ್ಲಿ ತಗಡು ಹೊದಿಸಿ ಅದನ್ನು ಕಟ್ಟಿದ್ದ. ಅವನ ಆಕಳುಗಳು ಪೂರ್ತಿ ಸಾಕಿದವೂ ಅಲ್ಲ, ಪೂರ್ತಿ ಕಾಡಿನವೂ ಅಲ್ಲ. ಬೆಳಿಗ್ಗೆ ಹಾಲು ಕರೆದುಕೊಂಡು ಬಿಟ್ಟರೆ ಗಲ್ಲಿ, ಮಾರ್ಕೆಟ್ಟು, ಬಿಲ್ಡಿಂಗಿನ ಕಸದ ಡಬ್ಬ, ಕಾಡಿನ ಅಂಚು ಎಲ್ಲವನ್ನೂ ಸುತ್ತಿ ಮೇದು, ಸಂಜೆ ತಾವೇ ಮರಳಿ ಕೊಟ್ಟಿಗೆಯ ಮುಂದಿನ ಮೈದಾನಕ್ಕೆ ಬರುತ್ತಿದ್ದವು. ಕೊರಳಲ್ಲಿ ಹಗ್ಗ ಇದ್ದದ್ದು ನನ್ನ ಜೊತೆ ದೇವಸ್ಥಾನಕ್ಕೆ ಬರುವ ಆಕಳಿಗೆ ಮಾತ್ರ.

ಆ ಆಕಳು ನನ್ನದು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಜಗಳವೆಲ್ಲ ಅದರದೇ. ನನ್ನ ಮದುವೆಯಲ್ಲಿ ವಿಜಯಪುರದ ಕಡೆಯ ನಮ್ಮ ಊರಿನಲ್ಲಿ ಅವ್ವ ನನಗೆ ಬಳುವಳಿಯೆಂದು ಒಂದು ಕೆಂದು ಕರುವನ್ನು ಕೊಟ್ಟಳು. ಆಗಲೇ ಭಾವ ಊರ ಕಡೆಯಿಂದ ಆಕಳು ಕೊಂಡು ಲಾರಿಯಲ್ಲಿ ತರುತ್ತಿದ್ದ. ಅದೇ ಲಾರಿಯಲ್ಲಿ ನನ್ನ ಕೆಂದು ಕರುವೂ ಬಂತು. ಕೊಟ್ಟಿಗೆಯಲ್ಲಿ ಕಾಲಿಟ್ಟದ್ದೇ ತಡ, ಅದು ಅವನದಾಯಿತು. ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ, “ಈ ತಗಡಿನ ತೆಳಗ ಏನ ನಿಂತೈತಿ ಎಲ್ಲಾ ಕೊಟ್ಟಿಗಿದ. ತವರಮನಿದು, ಗಂಡನಮನಿದು ಅಂತ ಇಲ್ಲೆ ಹಂಚಾಕ ಬರಬ್ಯಾಡ” ಎಂದ. ನನ್ನ ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಅಣ್ಣನ ಎದುರು ಅವನ ದನಿ ಗಂಟಲಿನಿಂದ ಮೇಲೆ ಬರುವುದಿಲ್ಲ. ನನ್ನ ಆಕಳ ಪಕ್ಕ ನಾನೇ ಕೂತು, ಸಂಜೆ ಸೆರಗಿನ ಗಂಟು ಬಿಚ್ಚಿ ಭಾವನ ಕೈಗೆ ಸುರಿಯುವುದು ನನ್ನ ನೌಕರಿಯಾಯಿತು.

ಕೆಂದಿ ಎಂದೇ ನಾನು ಕರೆಯುತ್ತಿದ್ದ ಆ ಆಕಳು ಬೆಳೆದು ಒಮ್ಮೆ ಈದಳು. ಹೋರಿಗರು. ಅದು ಎಲ್ಲಿ ಹೋಯಿತೆಂದು ನನಗೆ ಯಾರೂ ಹೇಳಲಿಲ್ಲ. ಆಮೇಲೆ ಅವಳು ಮತ್ತೆ ಗಬ್ಬವಾಗಲಿಲ್ಲ.

ಫುಟ್‌ಪಾತಿನಲ್ಲಿ ದಿನವಿಡೀ ಒಂದು ಆಕಳ ಪಕ್ಕ ಕೂತರೆ ಅದರ ಮೈಯ ಮಾತು ತಾನಾಗಿ ಗೊತ್ತಾಗುತ್ತದೆ. ಬೇರೇನಿದೆ ನೋಡಲು? ಎದುರಿಗೆ ಮೆಟ್ರೋದ ಕಂಬ, ಹಿಂದೆ ದೇವಸ್ಥಾನದ ಗೋಡೆ. ಕೆಲವು ದಿನ ಕೆಂದಿ ಬೆಳಗಿನಿಂದಲೇ ನನಗೆ ಅಂಟಿಕೊಳ್ಳುತ್ತಿದ್ದಳು. ತೋಳು ನೆಕ್ಕುವಳು, ಸೆರಗು ಮೂಸುವಳು, ಕೊನೆಗೆ ತನ್ನ ಭಾರದ ಗದ್ದವನ್ನು ತಂದು ನನ್ನ ಹೆಗಲ ಮೇಲೋ ತಲೆಯ ಮೇಲೋ ಊರಿ ಹಾಗೇ ನಿಂತುಬಿಡುವಳು. ನನ್ನ ಕುತ್ತಿಗೆ ಮುರಿಯುತ್ತಿತ್ತು. ಆದರೆ ಜನಕ್ಕೆ ಅದು ಗೋಮಾತೆಯ ಆಶೀರ್ವಾದ. ಮೊಬೈಲ್ ಎತ್ತಿ ಹಿಡಿದು ಚಿತ್ರ ತೆಗೆಯುವವರು ಎಷ್ಟೋ ಮಂದಿ. ತಮ್ಮ ತಲೆಯನ್ನೂ ತಗ್ಗಿಸಿ ಕೆಂದಿಯ ಮುಂದೆ ನಿಲ್ಲುವವರು ಇನ್ನಷ್ಟು. ಅಂಥ ದಿನ ಹುಲ್ಲು ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಭಾವ ಕೂಡ ಅಂದು ಮುಖ ಸಡಿಲ ಬಿಡುತ್ತಿದ್ದ.

ಮರುದಿನ ಮಾತ್ರ ಗ್ರಹಚಾರ. ಆಶೀರ್ವಾದ ಕೊಟ್ಟ ಕೆಂದಿ ಮರುದಿನ ಹುಲ್ಲು ಮುಟ್ಟುತ್ತಿರಲಿಲ್ಲ. ಕಿವಿ ನಿಮಿರಿಸಿಕೊಂಡು ರಸ್ತೆಯ ಆಚೆಗೆ ನೋಡುತ್ತ ಆಗಾಗ ಅಂಬಾ ಎಂದು ಕೂಗುವಳು. ಬಾಯಿಗೆ ಹಿಡಿದ ಹುಲ್ಲನ್ನು ಮೂಸಿ ಮುಖ ಆಚೆ ತಿರುಗಿಸುವಳು. ಹುಲ್ಲು ಹಿಡಿದವರ ಮುಖ ನೋಡಬೇಕಿತ್ತು. ತಾವು ಮಾಡಿದ ಪಾಪವೆಲ್ಲ ಆ ಕ್ಷಣ ನೆನಪಾದವರಂತೆ ಬೆವರುತ್ತಿದ್ದರು.

ಎದುರಿನ ಬಿಲ್ಡಿಂಗಿನ ಒಬ್ಬ ಗುಜರಾತಿ ಹೆಂಗಸು ದಿನಾ ಬೆಳಿಗ್ಗೆ ಬರುತ್ತಿದ್ದರು. ನಾನು ಅವರನ್ನು ಅವರ ಮಾತಿನಲ್ಲೇ ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದೆ. ಒಳ್ಳೆಯವರು. ಒಂದು ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಬಂದರು. ಅಂದು ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕೆಂದಿ ಅವರ ಹುಲ್ಲಿಗೆ ಮುಖ ತಿರುಗಿಸಿದಳು. ಬೆನ್ ಇನ್ನೊಂದು ಕಟ್ಟು ಕೊಂಡರು. ಅದಕ್ಕೂ ಅದೇ. ಮನೆಗೆ ಓಡಿ ಬೆಲ್ಲ ತಂದರು. ಕೆಂದಿ ಬೆಲ್ಲಕ್ಕೂ ಮೂಗು ಮುರಿದು, ಅವರ ಸೀರೆಯ ನೆರಿಗೆಯ ಹತ್ತಿರವೇ ಪಿಚಕ್ಕನೆ ಉಚ್ಚೆ ಹೊಯ್ದಳು. ಬೆನ್ ಕಣ್ಣಲ್ಲಿ ನೀರು ತಂದುಕೊಂಡು ಹೋದರು.

ಗಂಡಿನ ಕಡೆಯವರು ಒಲ್ಲೆ ಎಂದರಂತೆ. ಅದಕ್ಕೆ ಕಾರಣ ಏನೇನಿತ್ತೋ. ಬೆನ್ ಮಾತ್ರ ಮರುದಿನ ನಾಲ್ಕು ಹೆಂಗಸರನ್ನು ಕರೆದುಕೊಂಡು ನನ್ನ ಮುಂದೆ ಬಂದು ನಿಂತರು. ಹುಲ್ಲು ಯಾವ ನೀರಿನಲ್ಲಿ ತೊಳೆದದ್ದು, ಆಕಳನ್ನು ಉಪವಾಸ ಕೆಡವಿದ್ದೀಯಾ, ಹೊಡೆದಿದ್ದೀಯಾ ಎಂದು ಹಿಂದಿಯಲ್ಲಿ ಒಂದರ ಮೇಲೊಂದು ಕೇಳಿದರು. ನನ್ನ ದುರದೃಷ್ಟ, ಅದೇ ಹೊತ್ತಿಗೆ ಭಾವ ಟೆಂಪೋದಲ್ಲಿ ಹುಲ್ಲು ಇಳಿಸಲು ಬಂದ. ಗಿರಾಕಿಗಳು ಕೈತಪ್ಪುತ್ತಾರೆಂದು ಅವನಿಗೆ ಹೊಟ್ಟೆಯಲ್ಲಿ ಕಿಚ್ಚು ಬಿದ್ದಿತು. ಎಲ್ಲರೂ ಕೇಳುವ ಹಾಗೆ, ಇವಳ ಕೈಗುಣವೇ ಕೆಟ್ಟದ್ದು, ಕಾಲು ಹಿಡಿಸುತ್ತೇನೆ, ಕ್ಷಮಿಸಿ ಎಂದು ಅವರಿಗೆ ಹಿಂದಿಯಲ್ಲಿ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

“ನಿನ್ನ ಕೈಯಾಗಿನ ಹುಲ್ಲ ಆಕಳಾ ಸುದ್ದಾ ಮೂಸೂದಿಲ್ಲ ನೋಡ. ಬೀಳ ಕಾಲಿಗೆ.”

ಬಿದ್ದೆ. ಬೆನ್ “ಬೇಡ ಬೇಡ” ಎಂದು ಹಿಂದೆ ಸರಿದರು. ಅವನು ನನ್ನ ರಟ್ಟೆ ಹಿಡಿದು ಮತ್ತೆ ಬಗ್ಗಿಸಿದ. ಹೂವಿನವಳು, ರಿಕ್ಷಾದವರು, ಲೋಕಲ್‌ಗೆ ತಡವಾದವರು, ಎಲ್ಲರೂ ನಿಂತು ನೋಡಿದರು. ಕೆಂದಿ ಅಂದು ಚೆನ್ನಾಗಿ ಹುಲ್ಲು ತಿನ್ನುತ್ತಿದ್ದಳು. ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು “ಅಣ್ಣಗ ಸಿಟ್ಟ ಜಾಸ್ತಿ, ನಿನಗ ಗೊತ್ತಿಲ್ಲೇನು” ಎಂದ. ಅವನ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಅಂದೇ ನಿರ್ಧಾರ ಮಾಡಿದೆ. ನನ್ನ ಆಕಳನ್ನು ಭಾವನ ತಗಡಿನ ಕೆಳಗಿನಿಂದ ಬಿಡಿಸಿಕೊಂಡು ಹೋಗಬೇಕು. ಅದನ್ನು ಅವನೇ ತನ್ನ ಬಾಯಿಂದ, ನಾಲ್ಕು ಜನರ ಮುಂದೆ ನನಗೆ ಕೊಡಬೇಕು. ಕೊಟ್ಟಮೇಲೆ ಅವನ ಹೊಟ್ಟೆ ಉರಿಯಬೇಕು. ಈ ಮೂರರಲ್ಲಿ ಒಂದು ಕಡಿಮೆಯಾದರೂ ನನಗೆ ಸಮಾಧಾನವಿರಲಿಲ್ಲ.

ಹೇಗೆ ಎಂಬುದು ತಿಳಿದದ್ದು ಕೊಟ್ಟಿಗೆಯ ಮುಂದಿನ ಮೈದಾನದಲ್ಲಿ. ಸಂಜೆ ಆಕಳುಗಳೆಲ್ಲ ಮರಳಿ ಬಂದಾಗ ಕೆಲವೊಮ್ಮೆ ಒಂದು ಇನ್ನೊಂದರ ಮೇಲೆ ಏರುತ್ತದೆ. ಹಿಂಡಿನಲ್ಲಿ ಯಾವುದೋ ಒಂದು ಬೆದೆಗೆ ಬಂದಿದೆ ಎಂಬುದಕ್ಕೆ ಅದು ಗುರುತು. ಹಾಗಾದಾಗ ಭಾವ ಓಡಿಹೋಗಿ ಮೇಲೇರಿದ ಆಕಳ ಕೊರಳಿಗೆ ಹಗ್ಗ ಹಾಕಿ ಎಳೆದು ತರುತ್ತಿದ್ದ, ಗಬ್ಬ ಕಟ್ಟಿಸಲು ಸೂಜಿ ಹಾಕುವವನಿಗೆ ಫೋನು ಮಾಡುತ್ತಿದ್ದ. ಅವನನ್ನು ನಾವೆಲ್ಲ ಡಾಕ್ಟರ್ ಎನ್ನುತ್ತಿದ್ದೆವು. ಒಂದು ಸಂಜೆ ಡಾಕ್ಟರ್ ಸ್ಕೂಟರ್ ನಿಲ್ಲಿಸಿ, ಹತ್ತಿದ್ದು ಯಾವುದೆಂದು ನಾನು ಕೇಳುತ್ತಿಲ್ಲ, ಹತ್ತಿಸಿಕೊಂಡು ಅಲುಗದೆ ನಿಂತದ್ದು ಯಾವುದು ಹೇಳು, ಬೆದೆ ಅದಕ್ಕೆ ಬಂದಿರುತ್ತದೆ ಎಂದು ಮರಾಠಿಯಲ್ಲಿ ಹೇಳಿದ. ನಾನು ಸೆಗಣಿ ಬಾಚುತ್ತಿದ್ದೆ. ಭಾವ ನಕ್ಕ. ನನ್ನ ಗಂಡನ ಕಡೆ ತಿರುಗಿ, “ಕೇಳ ಇವನ ಮಾತ. ಮೈಯಾಗ ಬಿಸಿ ಇದ್ದದ್ದ ಹತ್ತತೈತಿ. ತಣ್ಣಗ ಕಲ್ಲಿನಂಗ ನಿಂತದ್ದಕ್ಕ ಎಲ್ಲಿ ಬೆದಿ ಬಂದೀತು?” ಎಂದ. ಡಾಕ್ಟರಿಗೆ, ನೀನು ಸೂಜಿ ಹಾಕು, ಆಕಳು ನನಗೆ ಗೊತ್ತು ಎಂದ. ಡಾಕ್ಟರ್ ಇನ್ನೊಮ್ಮೆ ಹೇಳಿ ನೋಡಿದ. ಆಮೇಲೆ ಭುಜ ಕುಣಿಸಿ ಕೈಗವಸು ಏರಿಸಿದ.

ನನ್ನ ಕೈಯಲ್ಲಿ ಸಲಿಕೆ ಹಾಗೇ ನಿಂತಿತು. ಕೆಂದಿ ಹುಲ್ಲು ಬಿಟ್ಟ ದಿನಗಳ ಸಂಜೆ ಏನಾಗುತ್ತಿತ್ತು ಎಂಬುದು ಕಣ್ಣ ಮುಂದೆ ಬಂತು. ಉಳಿದ ಆಕಳುಗಳು ಅವಳ ಮೇಲೆ ಏರುತ್ತಿದ್ದವು. ಅವಳು ಕಾಲೂರಿ, ಬಾಲ ಒಂದು ಬದಿಗೆ ಸರಿಸಿ, ಕದಲದೆ ನಿಲ್ಲುತ್ತಿದ್ದಳು. ಭಾವ ಕೋಲು ಹಿಡಿದು ಬಂದು, “ಪಾಪ, ಬಡಕಲ ಆಕಳಾ ಅಂತ ಎಲ್ಲಾವೂ ಇದರ ಮ್ಯಾಲ ಸವಾರಿ ಮಾಡತಾವ” ಎಂದು ಅವಳನ್ನು ಕೊಟ್ಟಿಗೆಗೆ ಸೇರಿಸಿ, ಮೇಲೇರಿದ್ದಕ್ಕೆ ಸೂಜಿ ಹಾಕಿಸುತ್ತಿದ್ದ. ಮೊದಲ ದಿನದ ಆಶೀರ್ವಾದ, ಮರುದಿನದ ಮುನಿಸು, ಬೆನ್ ಅವರ ಸೀರೆಯ ಬಳಿ ಹೊಯ್ದ ಉಚ್ಚೆ ಎಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡವು. ಕೆಂದಿಗೆ ನನ್ನ ಮೇಲೆ ಪ್ರೀತಿಯೂ ಉಕ್ಕಿರಲಿಲ್ಲ, ನನ್ನ ಕೈಯ ಮೇಲೆ ಹೇಸಿಕೆಯೂ ಇರಲಿಲ್ಲ. ಅವಳಿಗೆ ಬೆದೆ ಬಂದಿತ್ತು. ಅದಕ್ಕಾಗಿ ನಾನು ರಸ್ತೆಯಲ್ಲಿ ಕಾಲು ಹಿಡಿದಿದ್ದೆ.

ಬಾಯಿಗೆ ಬೀಗ ಹಾಕಿಕೊಂಡೆ. ಹೇಳಬಹುದಿತ್ತು. ಒಂದು ಮಾತು ಹೇಳಿದ್ದರೆ ಅವನ ಕೊಟ್ಟಿಗೆಯಲ್ಲಿ ಕರುಗಳು ಕುಣಿಯುತ್ತಿದ್ದವು. ಅಂದಿನಿಂದ ಸಂಜೆ ಸೆಗಣಿ ಬಾಚುವ ಕೆಲಸವೆಂದರೆ ನನಗೆ ನಾಟಕ ನೋಡಿದಷ್ಟು ಸುಖ. ಕರಿ ಆಕಳು ಕಲ್ಲಿನಂತೆ ನಿಂತಿರುವುದು, ಭಾವ ಬೇರೊಂದರ ಹಿಂದೆ ಹಗ್ಗ ಹಿಡಿದು ಓಡುವುದು, ಡಾಕ್ಟರ್ ನಿಟ್ಟುಸಿರು ಬಿಡುವುದು. ಒಮ್ಮೊಮ್ಮೆ ಹತ್ತಿದ್ದಕ್ಕೂ ಬೆದೆ ಇದ್ದು ಸೂಜಿ ಫಲಿಸಿಬಿಡುತ್ತಿತ್ತು. ಆಗ ಅವನು ಮೀಸೆ ಮೇಲೆ ಕೈ ಇಟ್ಟು, “ನಾ ಹೇಳಿರಲಿಲ್ಲೇನು” ಎನ್ನುತ್ತಿದ್ದ. ಅದು ಅವನ ತಪ್ಪನ್ನು ಇನ್ನೂ ಗಟ್ಟಿ ಮಾಡುತ್ತಿತ್ತು. ಉಳಿದವು ಒಂದೊಂದಾಗಿ ಹಾಲು ಬತ್ತಿಸಿಕೊಂಡು ಬರಿದೇ ಮೇಯತೊಡಗಿದವು. ನೀರು ಬದಲಾಗಿದೆ, ಟವರ್‌ಗಳ ಗಾಳಿ, ಯಾರದೋ ದೃಷ್ಟಿ ಎಂದು ಅವನು ಗೊಣಗುತ್ತಿದ್ದ. ಕೊಟ್ಟಿಗೆಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದ. ದಾರಕ್ಕೆ ಅವನ್ನು ಪೋಣಿಸಿಕೊಟ್ಟವಳು ನಾನೇ.

ನನ್ನ ಕೆಂದಿಯ ವಿಷಯದಲ್ಲಿ ಮಾತ್ರ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಮೂರು ವಾರಕ್ಕೊಮ್ಮೆ ಅವಳ ಗದ್ದ ನನ್ನ ಹೆಗಲಿಗೆ ಬರುತ್ತಿತ್ತು. ಮರುದಿನ ಹಿಂದಿನಿಂದ ಮೊಟ್ಟೆಯ ಬಿಳಿಯಂಥ ತಿಳಿ ಲೋಳೆ ಎಳೆಯಾಗಿ ಇಳಿಯುತ್ತಿತ್ತು. ಅದನ್ನು ಕಂಡರೆ ಭಾವನಂಥವನಿಗೂ ತಿಳಿದೀತೆಂದು ಸಂಜೆ ಹೊರಡುವ ಮುಂಚೆ ದೇವಸ್ಥಾನದ ನಲ್ಲಿಯಲ್ಲಿ ಅವಳ ಬಾಲ, ತೊಡೆ ಎಲ್ಲ ತೊಳೆದು ಒರೆಸುತ್ತಿದ್ದೆ. ಜನ ಅದನ್ನೂ ಸೇವೆ ಎಂದುಕೊಂಡರು.

ಹೋರಿಯ ಚಿಂತೆ ನನಗಿರಲಿಲ್ಲ. ಮಾರ್ಕೆಟ್ಟಿನ ಹಿಂದಿನ ಬಯಲಿನಲ್ಲಿ ಯಾರಿಗೂ ಸೇರದ ಒಂದು ದೊಡ್ಡ ಹೋರಿ ಮಲಗಿರುತ್ತಿತ್ತು. ಕೋಸಿನ ಎಲೆ ತಿಂದು ಕೊಬ್ಬಿದ ಅದಕ್ಕೆ ಬಸ್ಸು ಕೂಡ ಹಾರ್ನು ಹೊಡೆಯದೆ ದಾರಿ ಬಿಡುತ್ತಿತ್ತು. ಕೆಂದಿ ಹುಲ್ಲು ಬಿಟ್ಟ ದಿನಗಳಲ್ಲಿ ಅದು ಎಲ್ಲಿಂದಲೋ ವಾಸನೆ ಹಿಡಿದು ದೇವಸ್ಥಾನದ ತಿರುವಿಗೆ ಬಂದು, ಮೇಲ್ದುಟಿ ಎತ್ತಿ ಹಲ್ಲು ಕಿರಿದಂತೆ ನಿಲ್ಲುತ್ತಿತ್ತು. ಹಿಂದೆಲ್ಲ ನಾನೇ ಅದನ್ನು ಹುಲ್ಲಿಗೆ ಬಂದಿದೆಯೆಂದು ಕೋಲು ಬೀಸಿ ಓಡಿಸಿದ್ದೆ.

ಮುಂದಿನ ಸಲ ಗದ್ದ ಹೆಗಲಿಗೆ ಬಂದ ಮರುಬೆಳಿಗ್ಗೆ ನಾನು ದೇವಸ್ಥಾನದ ನೇರ ದಾರಿ ಬಿಟ್ಟು ಮಾರ್ಕೆಟ್ಟಿನ ಹಿಂದಿನಿಂದ ಹೋದೆ. ತರಕಾರಿ ಲಾರಿಗಳು ಖಾಲಿಯಾಗಿ ಹೋಗಿದ್ದವು. ಹೋರಿ ಎದ್ದು ನಿಂತಿತು. ಕೆಂದಿಯ ಕೊರಳ ಹಗ್ಗ ಬಿಚ್ಚಿ ನಾನು ಗೋಡೆಯ ಮೇಲಿನ ಯಾವುದೋ ಟ್ಯೂಷನ್ ಜಾಹೀರಾತನ್ನು ಓದುತ್ತ ನಿಂತೆ. ಅವ್ವ ಇದ್ದಿದ್ದರೆ ಹೆಣ್ಣುಮಕ್ಕಳು ಅಲ್ಲಿ ನಿಲ್ಲಬಾರದೆಂದು ಬೈಯುತ್ತಿದ್ದಳು. ಓದಿ ಮುಗಿಸಿ ತಿರುಗುವ ಹೊತ್ತಿಗೆ ಕೆಂದಿ ಬೆನ್ನು ಬಗ್ಗಿಸಿ ನಿಂತಿದ್ದಳು. ಹಗ್ಗ ಹಾಕಿ ಕರೆದುಕೊಂಡು ಹೋದೆ. ಫುಟ್‌ಪಾತಿನಲ್ಲಿ ಅಂದು ಆಕಳಿಗೆ ಹೊಟ್ಟೆ ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿ ಹುಲ್ಲು ಮಾರಲಿಲ್ಲ. ಸಂಜೆ ಭಾವನಿಂದ ಬೈಸಿಕೊಂಡೆ. ಬೈಗುಳ ಅಂದು ಎಣ್ಣೆ ಸ್ನಾನದಂತೆ ಹಿತವಾಗಿತ್ತು.

ಆಮೇಲಿನ ಕಾಯುವಿಕೆ ಬಹಳ ಕಷ್ಟದ್ದು. ಫಲಿಸಿದ್ದರೆ ಮೂರು ವಾರದ ನಂತರ ಏನೂ ಆಗಬಾರದು. ಏನೂ ಆಗದಿರುವುದನ್ನು ಕಾಯುವುದು ಎಂಥ ಹಿಂಸೆಯೆಂದು ಕಾದವರಿಗೇ ಗೊತ್ತು. ಆ ವಾರ ಕೆಂದಿ ನನ್ನ ಕಡೆ ತಲೆ ತಿರುಗಿಸಿದರೂ ಗದ್ದ ಬಂತೇ ಎಂದು ನೋಡುತ್ತಿದ್ದೆ. ನೊಣ ಓಡಿಸಲು ಕೊರಳು ಬೀಸಿದರೂ ಹೆಗಲು ಸರಿಸಿಕೊಳ್ಳುತ್ತಿದ್ದೆ. ಅಂಥ ಒಂದು ಬೆಳಿಗ್ಗೆ ಬೆನ್ ಬಂದರು. ಕಾಲು ಹಿಡಿಸಿದ ದಿನದಿಂದ ಅವರು ನನ್ನ ಕಣ್ಣು ತಪ್ಪಿಸುತ್ತಿದ್ದರು. ಮಗಳಿಗೆ ಬೇರೆ ಕಡೆಯಿಂದ ಸಂಬಂಧ ಬಂದಿದೆ ಎಂದು ಮೆಲ್ಲನೆ ಹೇಳಿ, ಹೆದರುತ್ತ ಒಂದು ಕಟ್ಟು ಹುಲ್ಲು ಚಾಚಿದರು. ನಾನು ಹಗ್ಗ ಬಿಗಿಹಿಡಿದೆ. ಕೆಂದಿ ನಾಲಿಗೆ ಚಾಚಿ ಹುಲ್ಲನ್ನು ಸುತ್ತಿಕೊಂಡು ಕರಕರ ಅಗಿದಳು. ಇನ್ನೊಂದು ಕಟ್ಟು. ಅದೂ ಹೋಯಿತು. ಬೆನ್ ಅತ್ತುಬಿಟ್ಟರು. ನಾನೂ ಅತ್ತೆ. ನನ್ನ ಅಳು ತಮ್ಮ ಮಗಳಿಗಾಗಿ ಎಂದುಕೊಂಡು ಅವರು ನನ್ನನ್ನು ತಬ್ಬಿಕೊಂಡರು.

ಮುಂದಿನ ಸರದಿಯೂ ಹಾಗೇ ತಣ್ಣಗೆ ಕಳೆಯಿತು. ಇನ್ನು ಹೊಟ್ಟೆ ಕಾಣುವ ಮುಂಚೆ ಅವಳನ್ನು ಬಿಡಿಸಬೇಕು. ಕೇಳಿದರೆ ಅವನು ಕೊಡುವವನಲ್ಲ. ನಾನು ಬೇಕೆಂದದ್ದನ್ನು ಅವನು ಯಾವತ್ತೂ ಕೊಟ್ಟಿಲ್ಲ. ಬೇಡವೆಂದದ್ದನ್ನು ಮಾತ್ರ ತಲೆಯ ಮೇಲೆ ಹೇರಿದ್ದಾನೆ. ಆ ಗುಣವನ್ನೇ ಹಿಡಿದೆ.

ಭಾವನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಊರಿನಿಂದ ಹಿರಿಯರು ಬಂದಿದ್ದರು, ಚೆಂಬೂರಿನಿಂದ ಬೀಗರು ಬಂದಿದ್ದರು. ಊಟವಾಗಿ ಗಂಡಸರೆಲ್ಲ ಎಲೆ ಅಡಿಕೆ ಹಾಕುತ್ತ ಕೂತಿದ್ದಾಗ ನಾನು ಬಾಗಿಲ ಬಳಿ ನಿಂತು ದನಿ ಎತ್ತಿದೆ.

“ಭಾವಾರ, ನನಗ ಬ್ಯಾರೆ ಆಕಳಾ ಕೊಡ್ರಿ. ಈ ಕೆಂದಿ ಕೂಡ ನಾ ಇನ್ನ ಕುಂದ್ರಂಗಿಲ್ಲ. ಗೊಡ್ಡಾಕಳಕ್ಕ ಹುಲ್ಲ ಹಾಕಿದ್ರ ಪುಣ್ಯ ಇಲ್ಲ ಅಂತ ಮಂದಿ ಮಾತಾಡಾಕತ್ತಾರ. ಆ ಕರೀದು ಕೊಡ್ರಿ ನನಗ.”

ಗಂಡ ಬೆಚ್ಚಿ ನನ್ನನ್ನು ನೋಡಿದ. ಜನರ ಮುಂದೆ ಭಾವನಿಗೆ ಎದುರಾಡಿದವರಿಲ್ಲ.

“ಕರೀದು ಬೇಕಂತ, ಕೇಳ್ರಿಲ್ಲೆ” ಎಂದು ಅವನು ಬೀಗರ ಕಡೆ ನೋಡಿ ನಕ್ಕ. ನಗು ಕೂಡಲೇ ಸಿಟ್ಟಾಯಿತು. “ನಿಮ್ಮವ್ವ ಕೊಟ್ಟ ಗೊಡ್ಡ ನನ್ನ ಕೊಟ್ಟಿಗ್ಯಾಗ ಕಟ್ಟಿ ಇಷ್ಟ ವರ್ಷ ಮೇಸೀನಿ. ಇವತ್ತ ಅದ ಬ್ಯಾಡಾತು ನಿನಗ? ನನ್ನ ಆಕಳಾ ಒಂದೂ ಮುಟ್ಟಬ್ಯಾಡ. ನಿನ್ನ ತವರಮನಿ ಗೊಡ್ಡ ನೀನ ಹೊಡಕೊಂಡ ಹೋಗ. ನಾಳಿಂದ ಅದು ನನ್ನ ತಗಡಿನ ತೆಳಗ ಕಾಣಬಾರದು.”

“ಹಂಗಂದ್ರ ಹೆಂಗ್ರಿ ಭಾವಾರ, ನಾ ಎಲ್ಲೆ ಕಟ್ಟಲಿ” ಎಂದು ದನಿಯಲ್ಲಿ ಅಳು ತಂದೆ.

“ನಿನ್ನ ತಲಿ ಮ್ಯಾಲ ಕಟ್ಟಕೊ. ಹಿರಿಯಾರು ಕುಂತಾರ, ಇವರ ಮುಂದ ಹೇಳಾಕತ್ತೀನಿ. ಆ ಆಕಳಾ ಇವತ್ತಿನಿಂದ ನಿಂದು.”

ಊರ ಹಿರಿಯರೊಬ್ಬರು ಸಮಾಧಾನ ಹೇಳಲು ಬಾಯಿ ತೆರೆದರು. ಅವರು ಎಲ್ಲಿ ಮಾತು ಹಿಂದಕ್ಕೆ ತೆಗೆಸುತ್ತಾರೋ ಎಂದು ನಾನು ಸೆರಗು ಬಾಯಿಗೊತ್ತಿಕೊಂಡು ಓಡಿದೆ. ಕೊಟ್ಟಿಗೆಯಲ್ಲಿ ಕೆಂದಿಯ ಕೊರಳು ತಬ್ಬಿಕೊಂಡು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆ ಸಂಜೆಯೇ ಅವಳನ್ನು ದೇವಸ್ಥಾನದ ಹಿಂಗೋಡೆಯ ಸಂದಿಗೆ ತಂದು ಕಟ್ಟಿದೆ. ಬಾಲ ತೊಳೆಯುವ ನನ್ನ ಸೇವೆಯನ್ನು ನೋಡಿದ್ದ ಪೂಜಾರಿಗಳು ಇಲ್ಲ ಎನ್ನಲಿಲ್ಲ. ಗಂಡ ಟ್ಯಾಂಕರ್ ಮುಗಿಸಿ ಬಂದು ಹಳೆಯ ಬ್ಯಾನರ್ ಬಟ್ಟೆಯಿಂದ ಮಾಡು ಕಟ್ಟಿದ. ಕಟ್ಟುವಾಗ ವಿಷಯ ಹೇಳಿದೆ. ಹಗ್ಗ ಹಿಡಿದವನು ಹಾಗೇ ನಿಂತ. “ಅಣ್ಣಗ ಗೊತ್ತಾದ್ರ?” ಎಂದ. “ಗೊತ್ತಾಗಲಿ ಅಂತನ ಮಾಡೀನಿ” ಎಂದೆ. ಅವನು ತಿರುಗಿ ಗಂಟು ಹಾಕಿದ. ಅವನ ಬೆನ್ನು ನಗುತ್ತಿತ್ತು.

ಭಾವ ನಮ್ಮ ಕಡೆ ಹಾಯುವುದನ್ನೇ ಬಿಟ್ಟ. ಕೆಂದಿಯ ಹೊಟ್ಟೆ ದೊಡ್ಡದಾಗಿದೆ ಎಂದು ಯಾರೋ ಅವನಿಗೆ ಹೇಳಿದಾಗ, “ಗುಡಿ ಪ್ರಸಾದ ತಿಂದ ಉಬ್ಬಿರಬೇಕು” ಎಂದನಂತೆ. ಕೇಳಿದ ದಿನ ನಾನು ಕೆಂದಿಗೆ ಒಂದು ಹಿಡಿ ಬೆಲ್ಲ ಜಾಸ್ತಿ ಕೊಟ್ಟೆ.

ಒಂದು ಬೆಳಿಗ್ಗೆ, ದೇವಸ್ಥಾನದ ಗಂಟೆ ಬಾರಿಸುವ ಹೊತ್ತಿಗೆ ಕೆಂದಿ ಈದಳು. ಹೆಣ್ಣುಗರು. ಮಾರ್ಕೆಟ್ಟಿನ ಹೋರಿಯದೇ ಹಣೆ, ಅವ್ವನ ಆಕಳದೇ ಬಣ್ಣ. ಬೆನ್ ಮೆಟ್ಟಿಲಿಳಿದು ಬಂದು ಕರುವಿಗೆ ಕುಂಕುಮ ಹಚ್ಚಿದರು. ಮೊದಲ ಹಾಲು ಕರೆದಾಗ ಅದು ಹಳದಿಯಾಗಿ, ಮಂದವಾಗಿ ಪಾತ್ರೆಯ ಅಂಚಿಗೆ ಅಂಟಿತು. ಆಕಳು ಈದ ಮನೆಯವರು ಗಿಣ್ಣ ಕಾಸಿ ಬಂಧುಗಳ ಮನೆಗೆಲ್ಲ ಹಂಚಬೇಕು, ಮೊದಲು ಹಿರಿಯರ ಮನೆಗೆ. ನಮ್ಮವರಲ್ಲಿ ಅದು ತಪ್ಪುವಂತಿಲ್ಲ. ಪದ್ಧತಿಗಳ ಮೇಲೆ ನನಗೆ ಅಂದು ಹುಟ್ಟಿದಷ್ಟು ಭಕ್ತಿ ಹಿಂದೆಂದೂ ಹುಟ್ಟಿರಲಿಲ್ಲ. ಬೆಲ್ಲ, ಏಲಕ್ಕಿ ಹಾಕಿ, ಆವಿಯಲ್ಲಿ ಗಟ್ಟಿಯಾಗಿಸಿ, ಚೌಕವಾಗಿ ಕತ್ತರಿಸಿ, ಸ್ಟೀಲಿನ ಡಬ್ಬಿಗೆ ತುಂಬಿ ಸಂಜೆ ಭಾವನ ಮನೆಗೆ ನಡೆದೆ.

ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಡಬ್ಬಿ ತೆಗೆದು ನೋಡಿ ಏನೂ ಕೇಳದೆ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಗಿಣ್ಣವೆಂದರೆ ಅವನಿಗೆ ಪ್ರಾಣ. ಅವನ ಕೊಟ್ಟಿಗೆಯಲ್ಲಿ ಆಕಳು ಈದು ಬಹಳ ಕಾಲವಾಗಿತ್ತು. ಒಂದು ತುಂಡು ಬಾಯಿಗಿಟ್ಟ, ಕಣ್ಣು ಮುಚ್ಚಿದ, ಇನ್ನೊಂದಿಟ್ಟ.

“ಭಾಳ ಛಲೋ ಆಗೈತಿ. ಯಾರ ಮನೀದು?”

“ನಮ್ಮ ಮನೀದ್ರಿ. ಗೊಡ್ಡಾಕಳದು, ಭಾವಾರ.”

ಅಗಿಯುತ್ತಿದ್ದ ದವಡೆ ನಿಂತಿತು. ಉಗುಳುವಂತಿಲ್ಲ, ಗಿಣ್ಣ ಉಗುಳಿದರೆ ಪಾಪ. ನುಂಗಲೂ ಆಗುತ್ತಿಲ್ಲ. ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನಾನು ಕಣ್ತುಂಬ ನೋಡಿದೆ. ಆ ಒಂದು ಗುಟುಕಿಗಾಗಿ ನಾನು ಇನ್ನೂ ಒಂದು ವರ್ಷ ಬೇಕಾದರೂ ಕಾಯುತ್ತಿದ್ದೆ.

ಅವನು ತಟ್ಟೆ ಅತ್ತ ಸರಿಸಿದ. ಆಮೇಲೆ ಕೈ ತೊಳೆದುಕೊಂಡು ಹೊರಗೆ ಹೋದ. ಮೈದಾನದ ಅಂಚಿನಿಂದ ನನ್ನನ್ನು ಕೂಗಿದ. ಬೈಯುತ್ತಾನೆಂದು ಸೆರಗು ಬಿಗಿದು ಸಿದ್ಧವಾಗಿಯೇ ಹೋದೆ. ಆಕಳುಗಳು ಮರಳಿ ಬಂದಿದ್ದವು. ಬಿಳಿ ಚುಕ್ಕೆಯ ಆಕಳು ಕರಿ ಆಕಳ ಮೇಲೆ ಏರುತ್ತಿತ್ತು. ಇಳಿದು ಮತ್ತೆ ಏರುತ್ತಿತ್ತು.

“ನಿನ್ನ ಕೆಂದಿ ಬೆದಿಗೆ ಬಂದದ್ದು ನಿನಗ ಗೊತ್ತಾಗಿತ್ತಲ್ಲ” ಎಂದ, ನನ್ನ ಮುಖ ನೋಡದೆ. ದನಿ ಮೆತ್ತಗಿತ್ತು. “ನನ್ನ ಕೊಟ್ಟಿಗಿ ಖಾಲಿ ಬಿದ್ದೈತಿ, ನೋಡೀದಿ. ಇದನರ ತಪ್ಪಬಾರದು. ಆ ಬಿಳಿ ಚಿಕ್ಕೀದ ಹೌದಲ್ಲ, ತಂಗಿ?”

ತಂಗಿ ಎಂದ. ಇಷ್ಟು ವರ್ಷದಲ್ಲಿ ಮೊದಲ ಸಲ. ಕರಿ ಆಕಳು ನೆಲಕ್ಕೆ ಕಾಲು ನೆಟ್ಟಂತೆ, ಬಾಲ ಬದಿಗೆ ಸರಿಸಿ ನಿಂತಿತ್ತು. ತೊಡೆಯ ಮೇಲೆ ಲೋಳೆಯ ಎಳೆ ಸಂಜೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೆ ನನಗೆ ಯಾವ ಹಗೆಯೂ ಇಲ್ಲ, ಪಾಪ. ಒಂದು ಗಳಿಗೆ ಬಾಯಿ ತೆರೆದೆನೇನೋ. ಅಷ್ಟರಲ್ಲಿ ನನ್ನ ರಟ್ಟೆಯ ಮೇಲೆ ಅವನ ಬೆರಳುಗಳು ಮತ್ತೆ ಊರಿದಂತಾಯಿತು.

“ಹೌದರಿ ಭಾವಾರ, ಬಿಳಿ ಚಿಕ್ಕೀದ. ನಿಮ್ಮ ಕಣ್ಣ ಎಂದರ ತಪ್ಪೈತೇನು?”

ಅವನ ಮುಖ ಅರಳಿತು. ಹಗ್ಗ ಹಿಡಿದು ಬಿಳಿ ಚುಕ್ಕೆಯದರ ಕಡೆ ಓಡುತ್ತಲೇ ಡಾಕ್ಟರಿಗೆ ಫೋನು ಹಚ್ಚಿದ. ಗಿಣ್ಣದ ಡಬ್ಬಿಯನ್ನು ಬರಿದು ಕಳಿಸಬಾರದೆಂದು ನೆಗೆಣ್ಣಿ ಅದರಲ್ಲಿ ಒಂದು ಮುಷ್ಟಿ ಸಕ್ಕರೆ ಹಾಕಿ ಕೊಟ್ಟಳು. ಮನೆಗೆ ಬರುವ ದಾರಿಯುದ್ದಕ್ಕೂ ಅದರಲ್ಲಿ ಬೆರಳದ್ದಿ ನೆಕ್ಕುತ್ತ ಬಂದೆ.